ಮುಕ್ಕೋನದ ಪೊಟ್ಟಣ

ಡಬ್ಬಿ ತೆರೆದರೆ ಮೊದಲು ನುಸಿಗುಳಿಗೆಯ ವಾಸನೆ,
ಆಮೇಲೆ ಅಪ್ಪ.
ಬಿಸ್ಕತ್ತಿನ ತಗಡಿನ ಡಬ್ಬಿ. ನೈರೋಬಿಯ ಈ ಸಂಗ್ರಹಾಲಯದಲ್ಲಿ
ಬಿಡಿಸದ ಪೊಟ್ಟಣಗಳ ಕಪಾಟಿನ ತಳದಲ್ಲಿ
ಇಪ್ಪತ್ತೊಂಬತ್ತು ವರ್ಷ ಸರದಿಗೆ ಕಾದು ಕೂತಿತ್ತು.
ಮುಚ್ಚಳದ ಮೇಲೆ ಸೀಸದಕಡ್ಡಿಯಲ್ಲಿ: ಕಾಕಮೆಗಾ, ಬಗೆಬಗೆ.
ಹಿಡಿದವರ ಹೆಸರಿರಬೇಕಾದ ಕಡೆ
ದುಡ್ಡು ಕೊಟ್ಟವರ ಹೆಸರು.

ಹಿಡಿದವನು ನನ್ನಪ್ಪ, ಲಿಹಾಂಡ.
ಹಳೆ ಸೊಳ್ಳೆಪರದೆಯ ಬಲೆ, ಪೇರಲ ಕೊಂಬೆಯ ಹಿಡಿ.
ಕೊಳೆತ ಬಾಳೆಹಣ್ಣಿಗೆ ಅಜ್ಜಿಯ ರಾಗಿ ಬುಸಾ ಹುಯ್ದು
(ಅಜ್ಜಿ ಬೈಯುತ್ತಿದ್ದಳು: ಹುಳಕ್ಕೆ ಕುಡಿಸೋದಕ್ಕಾ ನಾನು ಹುಳಿ ಬರಿಸೋದು?)
ಮರದ ಬೊಡ್ಡೆಗೆ ಬಳಿದು ಕೂತರೆ
ಹತ್ತು ಗಂಟೆಯ ಬಿಸಿಲಿಗೆ ಮೇಲಿಂದ ಇಳಿಯುತ್ತಿದ್ದವು:
ನೀಲಿ ಅಂಚಿನವು, ಮಡಚಿದರೆ ತರಗೆಲೆಯಾಗುವವು,
ಕುಡಿದು ಅಲ್ಲೇ ತೂಗಾಡುವವು.
ಅಂಥವನ್ನು ಬಲೆಯಿಲ್ಲದೆ ಎರಡೇ ಬೆರಳಲ್ಲಿ ಎತ್ತಿ
ಎದೆಯನ್ನು ಮೆಲ್ಲಗೆ ಒತ್ತುತ್ತಿದ್ದ. ಅಷ್ಟೆ.
ಆ ಹೊತ್ತಿಗೆ ಸರಿಯಾಗಿ ನಾನು
ಇಸಿಯುಖು ಹೊಳೆಯ ಕಡೆ ಏನೋ ಕಂಡವಳಂತೆ ತಿರುಗುತ್ತಿದ್ದೆ.

ಒಂದಕ್ಕೆ ಐದು ಶಿಲಿಂಗ್. ಬಾಲ ಮುರಿದಿದ್ದರೆ ಎರಡು,
ಅದೂ ಲ್ಯಾಂಡ್‌ರೋವರಿನವರ ಮುಖ ನೋಡಿಕೊಂಡು.
ರೆಕ್ಕೆ ಹರಿದಿದ್ದರೆ ಕೋಳಿಗೆ.

ಈಗ ನನ್ನ ಕೆಲಸ, ಒಣಗಿದ್ದನ್ನು ಮೆತ್ತಗಾಗಿಸುವುದು.
ಒದ್ದೆ ಮರಳಿನ ಮೇಲೆ ಎರಡು ರಾತ್ರಿ ಮಲಗಿಸಿ,
ಸೂಜಿ ಚುಚ್ಚಿ, ಹಲಗೆಯ ಮೇಲೆ ರೆಕ್ಕೆ ಬಿಡಿಸಿ,
ನರ ಎಣಿಸಿ, ಚುಕ್ಕೆ ಎಣಿಸಿ, ಹೆಸರು ಹಚ್ಚುವುದು.
ನಲವತ್ತನೆಯದೋ ಏನೋ, ಒಂದು ಪೊಟ್ಟಣ
ಚೌಕುಳಿ ಹಾಳೆಯದು.
ಮಡಿಕೆ ಬಿಚ್ಚಿದೆ:
ಏಳು ಎಂಟಲ ಐವತ್ತನಾಲ್ಕು.
ಕೆಂಪು ಶಾಯಿಯ ತಪ್ಪುಗುರುತು, ಪಕ್ಕದಲ್ಲಿ ತಾರೀಕು.
ಆ ವಕ್ರ ಏಳು ನನ್ನದೇ.

ಲೆಕ್ಕದ ಪುಸ್ತಕ ಕಳೆದಳೆಂದು
ಮುಹೋಂಜ ಟೀಚರು ಅಂಗೈಗೆ ಮೂರು ಕೊಟ್ಟ ಸಂಜೆ
ಆ ಕೈಗೆ ಎಣ್ಣೆ ಹಚ್ಚಿದವನು ಅಪ್ಪನೇ.
ಉಜ್ಜಿದ, ಊದಿದ,
ಬಾಯಿ ಮಾತ್ರ ಬಿಡಲಿಲ್ಲ.

ಒಳಗಿದ್ದದ್ದು ಕಪ್ಪು, ಮೇಲೆ ಬಿಳಿ ಬೊಟ್ಟು.
ಹಕ್ಕಿಗಳು ಮುಟ್ಟದ ಆ ಕಹಿ ಜಾತಿ ಎಂದು ಬರೆಯಹೊರಟವಳು
ಅಭ್ಯಾಸಬಲದಿಂದ ಕಾಲೆಣಿಸಿದೆ.
ಕಹಿಯವಕ್ಕೆ ಕಾಣುವುದು ನಾಲ್ಕು,
ಮುಂದಿನೆರಡು ಎದೆಗಂಟಿದ ಮೋಟು ಕುಂಚ.
ಇದಕ್ಕೆ ಆರು. ಮತ್ತೆ ಎಣಿಸಿದೆ, ಆರು.
ಕಹಿಯವಳ ಉಡುಪು ತೊಟ್ಟ ಸಪ್ಪೆ ಹೆಣ್ಣು.
ಇದರ ಗಂಡು ಕೆನೆಹಳದಿ, ಬಾಲವುಳ್ಳವನು;
ಅಕ್ಕತಂಗಿಯರಲ್ಲಿ ಒಬ್ಬೊಬ್ಬಳದೂ ಬೇರೆ ಬೇರೆ ವೇಷ.
ಒಂದು ದಿನ ಅಪ್ಪ ಓಡಿಬಂದು ಲ್ಯಾಂಡ್‌ರೋವರಿನವರಿಗೆ ಹೇಳಿದ್ದ:
ಇವೆಲ್ಲ ಬೇರೆಯಲ್ಲ, ಒಂದೇ ಮನೆಯವು,
ಜೋಡಿಯಾಗಿದ್ದನ್ನು ಕಣ್ಣಾರೆ ಕಂಡೆ!
ಅವರಿಗದು ಮೊದಲೇ ಗೊತ್ತಿತ್ತು, ನಕ್ಕರು.
ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಚೀಟಿ ಬರೆದೆ, ಉಗುರಿನಷ್ಟಗಲದ್ದು.
ಊರು. ಕಾಡು. ಟೀಚರು ಹಾಕಿದ ತಾರೀಕು,
ಅದರ ಮುಂದೆ "ನಂತರ ಯಾವಾಗಲೋ".
ಹಿಡಿದವರು: ಲಿಹಾಂಡ.
ಚೌಕುಳಿ ಹಾಳೆಯನ್ನೂ ಅದೇ ಸೂಜಿಯ ಕೆಳಗೆ ಚುಚ್ಚಿದೆ,
ಮೂಲ ಪೊಟ್ಟಣ ಬಿಸಾಡಬಾರದೆಂಬ ನಿಯಮವಿದೆ,
ನಿಯಮಕ್ಕೆ ಮೊದಲ ಸಲ ಥ್ಯಾಂಕ್ಸ್ ಹೇಳಿದೆ.

ಸಂಜೆ ಫೋನು. ಅಪ್ಪನಿಗೆ ಕಿವಿ ಮಂದ,
ಅರ್ಧ ಕೇಳಿಸಿತು, ಅರ್ಧ ನಾನು ಕೂಗಿದೆ.
ಪುಸ್ತಕದ ವಿಷಯಕ್ಕೆ ಕೆಮ್ಮಿದ, ತುಂಬ ಹೊತ್ತು ಕೆಮ್ಮಿದ.
ಆಮೇಲೆ ಕೇಳಿದ, ಬಾಲ ಮುರಿದಿದೆಯಾ?
ಈ ಹೆಣ್ಣಿಗೆ ಬಾಲವೇ ಇರೋದಿಲ್ಲವಲ್ಲ ಅಪ್ಪಾ.
ಹೌದಲ್ಲ, ಎಂದ. ಹಾಗಾದರೆ ಪೂರ್ತಿ ಐದು.
ಕೊಟ್ಟಿದ್ದರೇನೇ ಆವತ್ತು?